ಇಂಗ್ಲಿಷಿನ ಜೋಡಿ ಸಂಯೋಜಕಗಳು: ಕನ್ನಡ ಮಾಧ್ಯಮದ ಮನೆಗಳಿಗೊಂದು ಕೈಪಿಡಿ

ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ಉತ್ತರ ಪತ್ರಿಕೆಗಳಲ್ಲಿ ಕೆಂಪು ಶಾಯಿ ಎಲ್ಲೆಡೆ ಸಮನಾಗಿ ಬೀಳುವುದಿಲ್ಲ. ಕೆಲವೇ ಜಾಗಗಳಲ್ಲಿ ಗುಂಪುಗೂಡಿರುತ್ತದೆ. ಮಂಜೇಶ್ವರದ ಮಗುವಿನ ಪತ್ರಿಕೆಯನ್ನೂ ಅಕ್ಕಲಕೋಟೆಯ ಮಗುವಿನ ಪತ್ರಿಕೆಯನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ ತಪ್ಪುಗಳು ಒಡಹುಟ್ಟಿದವುಗಳಂತೆ ಕಾಣುತ್ತವೆ. ಇಂತಹ ಪತ್ರಿಕೆಗಳನ್ನು ಕಂಡು, ‘ಕನ್ನಡ ಶಾಲೆಗೆ ಹಾಕಿದ್ದರಿಂದಲೇ ಇಂಗ್ಲಿಷ್ ಬರಲಿಲ್ಲ’ ಎಂದು ನಿರ್ಧರಿಸಿ ಮಗುವನ್ನು ಬೇರೆ ಶಾಲೆಗೆ ಸೇರಿಸಲು ಹೊರಡುವ ಪೋಷಕರು ಗಡಿನಾಡಿನಲ್ಲಿ ಕಡಮೆಯಿಲ್ಲ. ಆ ನಿರ್ಧಾರಕ್ಕೆ ಮೊದಲು ತಪ್ಪಿನ ಮೂಲವನ್ನು ಒಮ್ಮೆ ನೋಡುವುದು ಒಳಿತು. ಇವುಗಳಲ್ಲಿ ಬಹುಪಾಲು ತಪ್ಪುಗಳು ಹುಟ್ಟುವುದು ಮಗುವಿಗೆ ಭಾಷೆ ತಿಳಿಯದುದರಿಂದಲ್ಲ. ಕನ್ನಡದ ವಾಕ್ಯ ಕಟ್ಟುವ ಕ್ರಮ ಅದಕ್ಕೆ ಗಟ್ಟಿಯಾಗಿ ತಿಳಿದಿರುವುದರಿಂದ. ಆ ಕ್ರಮಕ್ಕೂ ಇಂಗ್ಲಿಷಿನ ಕ್ರಮಕ್ಕೂ ಎಲ್ಲಿ ಭೇದವಿದೆಯೆಂದು ತೋರಿಸಿಕೊಟ್ಟರೆ ಸಾಕು, ತಿದ್ದುಪಡಿ ತಾನಾಗಿಯೇ ಆಗುತ್ತದೆ.

ಅಂತಹ ಜಾಗಗಳಲ್ಲಿ ಪ್ರಮುಖವಾದುದು ಜೋಡಿ ಸಂಯೋಜಕಗಳು. ಇಂಗ್ಲಿಷ್ ವ್ಯಾಕರಣದಲ್ಲಿ ಇವಕ್ಕೆ ಕೋರಿಲೇಟಿವ್ ಕಂಜಂಕ್ಷನ್ಸ್ ಎಂದು ಹೆಸರು. ಎರಡು ಪದಗಳು ದೂರದೂರ ನಿಂತು ಒಂದೇ ಕೆಲಸವನ್ನು ಮಾಡುತ್ತವೆ. ಒಂದನ್ನು ಬಿಟ್ಟರೆ ಇನ್ನೊಂದು ಅನಾಥ. ಐದರ್–ಆರ್, ನೀದರ್–ನಾರ್, ಬೋತ್–ಆ್ಯಂಡ್, ನಾಟ್ ಓನ್ಲಿ–ಬಟ್ ಆಲ್ಸೋ, ವೆದರ್–ಆರ್ ಎಂಬ ಐದು ಮುಖ್ಯ ಜೋಡಿಗಳು. ಇವುಗಳ ಜೊತೆಗೆ ನೋ ಸೂನರ್–ದ್ಯಾನ್, ಸೋ–ದ್ಯಾಟ್, ದೋ–ಯೆಟ್, ಆ್ಯಸ್–ಆ್ಯಸ್ ಮೊದಲಾದ ಇನ್ನು ಕೆಲವು.

ಈ ಬರಹದಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. ಇಂಗ್ಲಿಷ್ ಅಕ್ಷರ ಬಾರದ ತಾಯಿಯೋ ಅಜ್ಜನೋ ಇವನ್ನು ಓದಿ ಹೇಳಲಿ, ಮಗು ಕೇಳಿಸಿಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಿ. ಉಕ್ತಲೇಖನದ ಅಭ್ಯಾಸವೂ ಆದಂತಾಯಿತು.

ತಲೆಯಲ್ಲಿ ಗುರುತು, ಬಾಲದಲ್ಲಿ ಗುರುತು

ಕನ್ನಡದಲ್ಲಿ ಜೋಡಿ ಸಂಯೋಜಕಗಳಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ನಾವು ದಿನವೂ ‘ಅಕ್ಕನೂ ತಂಗಿಯೂ’, ‘ನೀನಾಗಲಿ ಅವನಾಗಲಿ’, ‘ಇಂದೋ ನಾಳೆಯೋ’, ‘ಎಷ್ಟು ಓದಿದರೆ ಅಷ್ಟು’ ಎನ್ನುತ್ತೇವೆ. ಇವೆಲ್ಲವೂ ಜೋಡಿಗಳೇ. ಭೇದವಿರುವುದು ಗುರುತು ಕೂರುವ ಸ್ಥಾನದಲ್ಲಿ. ಕನ್ನಡದ ಗುರುತು ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ: ಅಕ್ಕನು+ಊ, ತಂಗಿ+ಊ. ಇಂಗ್ಲಿಷಿನ ಗುರುತು ಪದದ ತಲೆಯ ಮುಂದೆ ಪ್ರತ್ಯೇಕವಾಗಿ ನಿಲ್ಲುತ್ತದೆ: ಬೋತ್ ಮುಂದೆ, ಅನಂತರ ಅಕ್ಕ, ಆ್ಯಂಡ್ ಮುಂದೆ, ಅನಂತರ ತಂಗಿ.

ಇದರ ಪರಿಣಾಮ ದೊಡ್ಡದು. ಕನ್ನಡದಲ್ಲಿ ಮೊದಲ ಪದವನ್ನು ಹೇಳಿ ಮುಗಿಸಿದ ಮೇಲೆ ‘ಊ’ ಹಚ್ಚಬೇಕೋ ‘ಆಗಲಿ’ ಹಚ್ಚಬೇಕೋ ಎಂದು ಯೋಚಿಸಲು ಸಮಯವಿದೆ. ಇಂಗ್ಲಿಷಿನಲ್ಲಿ ಬಾಯಿ ತೆರೆಯುವ ಮೊದಲೇ ನಿರ್ಧರಿಸಬೇಕು: ಎರಡೂ ಬೇಕೇ, ಎರಡರಲ್ಲೊಂದು ಸಾಕೇ, ಎರಡೂ ಬೇಡವೇ? ಮಗು ಇಂಗ್ಲಿಷ್ ಮಾತನಾಡುವಾಗ ವಾಕ್ಯದ ಆರಂಭದಲ್ಲಿಯೇ ತಡವರಿಸುವುದಕ್ಕೆ ಇದೂ ಒಂದು ಕಾರಣ. ಆ ತಡವರಿಕೆಯನ್ನು ದಡ್ಡತನವೆಂದು ತಿಳಿಯುವುದು ಅನ್ಯಾಯ.

ಐದರ್–ಆರ್

ಎರಡರಲ್ಲಿ ಒಂದನ್ನು ಆರಿಸುವ ಜೋಡಿ ಇದು. ‘ಐದರ್’ ಎಂದರೂ ಸರಿ, ‘ಈದರ್’ ಎಂದರೂ ಸರಿ. ಎರಡು ಉಚ್ಚಾರಣೆಗಳೂ ಬಳಕೆಯಲ್ಲಿವೆ. ಆ ಕಾರಣಕ್ಕೆ ಮಗುವನ್ನು ತಿದ್ದುವ ಅಗತ್ಯವಿಲ್ಲ.

ಇದಕ್ಕೆ ಸರಿಸಮನಾದ ಕನ್ನಡ ನಮ್ಮ ಆಡುಮಾತಿನಲ್ಲಿಯೇ ಇದೆ: ‘ಒಂದೋ ನೀನು ಬಾ, ಇಲ್ಲವೇ ತಮ್ಮನನ್ನು ಕಳಿಸು.’ ಇಂಗ್ಲಿಷಿನಲ್ಲಿ: ‘ಐದರ್ ಕಮ್ ಯುವರ್‌ಸೆಲ್ಫ್ ಆರ್ ಸೆಂಡ್ ಯುವರ್ ಬ್ರದರ್.’ ಒಂದೋ ಎಂಬಲ್ಲಿ ಐದರ್, ಇಲ್ಲವೇ ಎಂಬಲ್ಲಿ ಆರ್. ಗುರುತು ಇಲ್ಲಿ ಕನ್ನಡದಲ್ಲಿಯೂ ತಲೆಯಲ್ಲೇ ಇದೆ. ಆದುದರಿಂದ ಈ ಜೋಡಿಯಿಂದಲೇ ಪಾಠ ಆರಂಭಿಸುವುದು ಸುಲಭ.

ಗಡಿನಾಡಿನ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಅದನ್ನು ನಾವು ಅನುಕೂಲವೆಂದು ಎಣಿಸುವುದೇ ಇಲ್ಲ. ಕಾಸರಗೋಡಿನ ಮಗುವಿಗೆ ಮಲಯಾಳದ ‘ಒನ್ನುಕಿಲ್–ಅಲ್ಲೆಂಕಿಲ್’ ಗೊತ್ತು. ತಾಳವಾಡಿಯ ಮಗುವಿಗೆ ತಮಿಳಿನ ‘ಒನ್ರು–ಅಲ್ಲದು’ ಗೊತ್ತು. ಜತ್ತಿನ ಮಗು ಮರಾಠಿಯ ‘ಏಕತರ–ನಾಹೀತರ’ ಕೇಳಿಯೇ ಬೆಳೆದಿದೆ. ಮಡಕಶಿರೆಯ ಕಡೆ ತೆಲುಗಿನ ‘ಗಾನೀ–ಗಾನೀ’ ನಮ್ಮ ‘ಆಗಲಿ–ಆಗಲಿ’ಯ ನೆರೆಮನೆಯದು. ಎರಡು ಭಾಷೆಗಳಲ್ಲಿ ಜೋಡಿಯನ್ನು ಬಳಸಬಲ್ಲ ಮಗುವಿಗೆ ಮೂರನೆಯ ಭಾಷೆಯ ಜೋಡಿ ಹೊರೆಯಾಗಬಾರದು. ಹೊರೆಯಾಗುತ್ತಿದ್ದರೆ, ತಿಳಿದಿರುವುದರೊಡನೆ ಹೊಸದನ್ನು ಹೊಂದಿಸಿ ಕಲಿಸದ ನಮ್ಮ ಬೋಧನಾಕ್ರಮವೇ ಅದಕ್ಕೆ ಹೊಣೆ.

ಕ್ರಿಯಾಪದದ ವಿಷಯದಲ್ಲಿ ಒಂದು ನಿಯಮವಿದೆ. ಐದರ್–ಆರ್ ಕರ್ತೃಪದಗಳನ್ನು ಜೋಡಿಸಿದಾಗ ಕ್ರಿಯಾಪದವು ತನಗೆ ಹತ್ತಿರವಿರುವ ಕರ್ತೃವನ್ನು ಅನುಸರಿಸುತ್ತದೆ. ‘ಐದರ್ ದ ಹೆಡ್‌ಮಾಸ್ಟರ್ ಆರ್ ದ ಟೀಚರ್ಸ್ ಆರ್ ಕಮಿಂಗ್’ ಎಂಬಲ್ಲಿ ಟೀಚರ್ಸ್ ಹತ್ತಿರವಿರುವುದರಿಂದ ಬಹುವಚನದ ಕ್ರಿಯಾಪದ. ಪದಗಳನ್ನು ಅದಲುಬದಲು ಮಾಡಿದರೆ, ‘ಐದರ್ ದ ಟೀಚರ್ಸ್ ಆರ್ ದ ಹೆಡ್‌ಮಾಸ್ಟರ್ ಈಸ್ ಕಮಿಂಗ್.’ ಮೊದಲ ವಾಕ್ಯದಲ್ಲಿ ‘ಅಥವಾ’ ಎಂಬರ್ಥದ ಆರ್ ಮತ್ತು ‘ಇದ್ದಾರೆ’ ಎಂಬರ್ಥದ ಆರ್ ಎರಡೂ ಬಂದಿವೆ. ಕನ್ನಡ ಲಿಪಿಯಲ್ಲಿ ಒಂದೇ ರೂಪ, ಇಂಗ್ಲಿಷ್ ಕಾಗುಣಿತದಲ್ಲಿ ಬೇರೆ ಬೇರೆ. ಉಕ್ತಲೇಖನ ಕೊಡುವವರು ಇದನ್ನು ಗಮನಿಸಬೇಕು.

ನೀದರ್–ನಾರ್: ನಕಾರವು ಎಲ್ಲಿ ಕೂರುತ್ತದೆ?

ಉಳಿದೆಲ್ಲಕ್ಕಿಂತ ಹೆಚ್ಚು ಅಂಕಗಳು ನಷ್ಟವಾಗುವುದು ಇಲ್ಲಿ. ಆದುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

‘ರವಿಯೂ ಬರಲಿಲ್ಲ, ಗೋಪಾಲನೂ ಬರಲಿಲ್ಲ.’ ಈ ಕನ್ನಡ ವಾಕ್ಯದಲ್ಲಿ ‘ಇಲ್ಲ’ ಎಂಬ ಅರ್ಥ ಎಲ್ಲಿದೆ? ಕ್ರಿಯಾಪದದಲ್ಲಿ. ‘ಊ’ ಎಂಬುದು ಕೇವಲ ಜೋಡಿಸುತ್ತದೆ. ನಿರಾಕರಿಸುವ ಕೆಲಸ ಅದರದಲ್ಲ. ‘ರವಿಯಾಗಲಿ ಗೋಪಾಲನಾಗಲಿ ಬರಲಿಲ್ಲ’ ಎಂದರೂ ಅಷ್ಟೇ. ಕನ್ನಡದಲ್ಲಿ ನಕಾರವು ಯಾವಾಗಲೂ ಕ್ರಿಯಾಪದದ ಮನೆಯಲ್ಲಿಯೇ ವಾಸ.

ಇಂಗ್ಲಿಷಿನ ನೀದರ್–ನಾರ್ ಹಾಗಲ್ಲ. ನಕಾರವು ಆ ಪದಗಳ ಒಳಗೇ ಅಡಗಿದೆ. ಐದರ್ ಎಂಬುದಕ್ಕೆ ಮುಂದೊಂದು ನಕಾರದ ಧ್ವನಿ ಸೇರಿ ನೀದರ್ ಆಯಿತು. ಆರ್ ಎಂಬುದರ ಎದುರು ನಾರ್ ನಿಂತಿತು. ಎವರ್–ನೆವರ್, ಒನ್–ನನ್ ಎಂಬ ಜೊತೆಗಳಲ್ಲಿಯೂ ಇದೇ ‘ನ’ಕಾರದ ಆಟವನ್ನು ಕಾಣಬಹುದು. ಸಂಸ್ಕೃತದ ‘ನ’ವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು, ಎರಡೂ ಒಂದೇ ಮೂಲದವು. ಹೀಗಾಗಿ ನೀದರ್ ಬಂದ ಮೇಲೆ ಕ್ರಿಯಾಪದದಲ್ಲಿ ಮತ್ತೊಮ್ಮೆ ‘ನಾಟ್’ ಬರಕೂಡದು. ‘ನೀದರ್ ರವಿ ನಾರ್ ಗೋಪಾಲ್ ಕೇಮ್.’ ಇಷ್ಟೇ. ಕ್ರಿಯಾಪದ ‘ಕೇಮ್’, ಅಂದರೆ ‘ಬಂದನು’. ಕನ್ನಡದ ಮಗುವಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಬಾರದವನ ವಿಷಯ ಹೇಳುವಾಗ ‘ಬಂದನು’ ಎಂದು ಬರೆಯಲು ಕೈ ಹಿಂಜರಿಯುತ್ತದೆ. ತನ್ನ ಭಾಷೆಯ ನ್ಯಾಯದಂತೆ ‘ಡಿಡ್ ನಾಟ್ ಕಮ್’ ಎಂದು ಸೇರಿಸುತ್ತದೆ. ‘ನೀದರ್ ರವಿ ನಾರ್ ಗೋಪಾಲ್ ಡಿಡ್ ನಾಟ್ ಕಮ್’ ಎಂಬ ವಾಕ್ಯ ಹುಟ್ಟುವುದು ಹೀಗೆ. ಮಗುವಿಗೆ ‘ತಪ್ಪು’ ಎಂದು ಹೇಳಿದರೆ ಸಾಲದು. ‘ನಿನ್ನ ಇಲ್ಲ ಎಂಬುದನ್ನು ನೀದರ್ ಆಗಲೇ ಎತ್ತಿಕೊಂಡು ಹೋಗಿದೆ, ಕ್ರಿಯಾಪದದ ಕೈ ಈಗ ಖಾಲಿ’ ಎಂದು ಹೇಳಿ ನೋಡಿ. ತರಗತಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಈ ಒಂದೇ ಮಾತು.

ನಮ್ಮ ಗಾದೆಯೊಂದು ಇದಕ್ಕೆ ಒಳ್ಳೆಯ ಅಭ್ಯಾಸ. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು.’ ಕನ್ನಡದಲ್ಲಿ ‘ಬಾರದು’ ಎರಡು ಸಲ ಬಂದಿದೆ. ಇಂಗ್ಲಿಷಿಗೆ ತಂದರೆ: ‘ನೀದರ್ ಶುಡ್ ದ ಸ್ನೇಕ್ ಡೈ ನಾರ್ ಶುಡ್ ದ ಸ್ಟಿಕ್ ಬ್ರೇಕ್.’ ಒಂದು ಸಲವೂ ‘ನಾಟ್’ ಇಲ್ಲ. ಇನ್ನೊಂದನ್ನೂ ಗಮನಿಸಿ: ಇಲ್ಲಿ ಪೂರ್ಣ ವಾಕ್ಯಗಳೆರಡು ಜೋಡಣೆಯಾಗಿರುವುದರಿಂದ ಶುಡ್ ಎಂಬ ಸಹಾಯಕ ಕ್ರಿಯಾಪದವು ಕರ್ತೃವಿಗಿಂತ ಮುಂದಕ್ಕೆ ಬಂದಿದೆ, ಪ್ರಶ್ನೆ ಕೇಳುವಾಗ ಬರುವಂತೆ. ನಕಾರದ ಪದವೊಂದು ವಾಕ್ಯದ ತಲೆಗೆ ಬಂದು ಕೂತಾಗಲೆಲ್ಲ ಇಂಗ್ಲಿಷ್ ಹೀಗೆ ಮಗ್ಗುಲು ಬದಲಿಸುತ್ತದೆ. ಕರ್ತೃಪದಗಳನ್ನಷ್ಟೇ ಜೋಡಿಸುವ ‘ನೀದರ್ ರವಿ ನಾರ್ ಗೋಪಾಲ್’ ಎಂಬಂತಹ ಕಡೆ ಈ ತಿರುವು ಬೇಡ.

ಕ್ರಿಯಾಪದದ ವಚನಕ್ಕೆ ಐದರ್–ಆರ್ ನಿಯಮವೇ ಇಲ್ಲಿಯೂ ಅನ್ವಯ. ‘ನೀದರ್ ಜತ್ ನಾರ್ ಅಕ್ಕಲಕೋಟ್ ಈಸ್ ಇನ್ ಕರ್ನಾಟಕ.’ ಎರಡು ಊರುಗಳಿದ್ದರೂ ‘ಈಸ್’; ಏಕೆಂದರೆ ಒಂದೊಂದನ್ನೂ ಬೇರೆಬೇರೆಯಾಗಿ ನಿರಾಕರಿಸುತ್ತಿದ್ದೇವೆ.

ಬೋತ್–ಆ್ಯಂಡ್

ಇದು ನಮ್ಮ ‘ಊ–ಊ’. ‘ಬೋತ್ ಮಂಜೇಶ್ವರ್ ಆ್ಯಂಡ್ ಕುಂಬಳೆ ಆರ್ ಇನ್ ಕಾಸರಗೋಡ್ ಡಿಸ್ಟ್ರಿಕ್ಟ್.’ ಕರ್ತೃಗಳು ಎರಡು ಸೇರಿರುವುದರಿಂದ ಕ್ರಿಯಾಪದ ಸದಾ ಬಹುವಚನ. ಬೋತ್ ಎಂಬುದು ಎರಡಕ್ಕಷ್ಟೇ ಸಲ್ಲುತ್ತದೆ. ಮೂರು ಊರುಗಳನ್ನು ಹೇಳುವುದಾದರೆ ಬೋತ್ ಅನ್ನು ಬಿಡಬೇಕು. ಬೋತ್‌ಗೆ ಜೊತೆ ಆ್ಯಂಡ್ ಮಾತ್ರ. ‘ಬೋತ್ ರವಿ ಆ್ಯಸ್ ವೆಲ್ ಆ್ಯಸ್ ಗೋಪಾಲ್’ ಎಂಬುದು ತಪ್ಪು.

ಈ ಜೋಡಿಯ ನಿಜವಾದ ಅಪಾಯವಿರುವುದು ನಕಾರದೊಡನೆ. ‘ಇಬ್ಬರೂ ಬರಲಿಲ್ಲ’ ಎಂದರೆ ಕನ್ನಡದಲ್ಲಿ ಸಂಶಯಕ್ಕೆ ಎಡೆಯಿಲ್ಲ: ಒಬ್ಬನೂ ಬರಲಿಲ್ಲ. ಇದನ್ನೇ ‘ಬೋತ್ ಆಫ್ ದೆಮ್ ಡಿಡ್ ನಾಟ್ ಕಮ್’ ಎಂದು ಬರೆದರೆ ಇಂಗ್ಲಿಷಿನಲ್ಲಿ ಅರ್ಥ ಅಲುಗಾಡುತ್ತದೆ. ‘ಇಬ್ಬರೂ ಒಟ್ಟಿಗೆ ಬರಲಿಲ್ಲ, ಒಬ್ಬ ಬಂದಿರಬಹುದು’ ಎಂದೂ ಓದಬಹುದು.

ಪರೀಕ್ಷೆಯಲ್ಲಿ ಇದಕ್ಕೆ ಹೋಗುವುದು ಒಂದು ಅಂಕ. ಮನವಿಪತ್ರದಲ್ಲಿ ಹೆಚ್ಚು ಹೋಗಬಹುದು. ಶಾಲೆ ತೆರೆದು ವಾರಗಳು ಕಳೆದರೂ ಕನ್ನಡ ಪಠ್ಯಪುಸ್ತಕ ಕೈಸೇರದಿರುವುದು ಗಡಿನಾಡಿನವರಿಗೆ ಹೊಸ ದೂರೇನಲ್ಲ. ರಕ್ಷಕ–ಶಿಕ್ಷಕ ಸಂಘದವರು ಇಂಗ್ಲಿಷಿನಲ್ಲಿ ಮನವಿ ಬರೆಯುವಾಗ, ‘ಬೋತ್ ದ ಫಸ್ಟ್ ಪಾರ್ಟ್ ಆ್ಯಂಡ್ ದ ಸೆಕೆಂಡ್ ಪಾರ್ಟ್ ಹ್ಯಾವ್ ನಾಟ್ ರೀಚ್ಡ್ ಅಸ್’ ಎಂದು ಬರೆದರೆನ್ನಿ. ಓದಿದ ಅಧಿಕಾರಿ, ‘ಎರಡೂ ತಲುಪಿಲ್ಲವಂತೆ, ಅಂದರೆ ಒಂದು ತಲುಪಿದೆ’ ಎಂದು ಷರಾ ಬರೆದು ಕಡತ ಮುಚ್ಚಲು ಅದರಲ್ಲಿ ಬಿರುಕೊಂದಿದೆ. ‘ನೀದರ್ ದ ಫಸ್ಟ್ ಪಾರ್ಟ್ ನಾರ್ ದ ಸೆಕೆಂಡ್ ಪಾರ್ಟ್ ಹ್ಯಾಸ್ ರೀಚ್ಡ್ ಅಸ್’ ಎಂದು ಬರೆದರೆ ಬಿರುಕಿಲ್ಲ.

ಸೂಚನಾ ಫಲಕಗಳ ವಿಷಯವೂ ಹೀಗೆಯೇ. ನಮೂನೆಗಳನ್ನು ‘ಬೋತ್ ಇನ್ ಮಲಯಾಳಂ ಆ್ಯಂಡ್ ಇನ್ ಕನ್ನಡ’ ಮುದ್ರಿಸಬೇಕು ಎಂದಿದ್ದರೆ ಕನ್ನಡ ನಮೂನೆ ಇಲ್ಲವೆನ್ನಲು ಕಚೇರಿಗೆ ಅವಕಾಶವಿಲ್ಲ. ‘ಐದರ್ ಇನ್ ಮಲಯಾಳಂ ಆರ್ ಇನ್ ಕನ್ನಡ’ ಎಂದಿದ್ದರೆ, ಮಲಯಾಳದಲ್ಲಿ ಮಾತ್ರ ಮುದ್ರಿಸಿದರೂ ಆದೇಶ ಪಾಲನೆಯಾದಂತೆಯೇ. ಅರ್ಜಿ ಸಲ್ಲಿಸುವವರ ಕಡೆಯಿಂದ ನೋಡಿದರೆ ಲೆಕ್ಕ ತಿರುಗುಮುರುಗು: ಅಲ್ಲಿ ಐದರ್–ಆರ್ ಇದ್ದರೆ ಕನ್ನಡದಲ್ಲಿ ಬರೆಯಬಹುದು, ಬೋತ್–ಆ್ಯಂಡ್ ಇದ್ದರೆ ಎರಡು ಸಲ ಬರೆಯಬೇಕು. ಯಾವ ಜೋಡಿ ಯಾರಿಗೆ ಹಿತವೆಂಬುದು ಕರ್ತವ್ಯ ಯಾರ ಮೇಲಿದೆ ಎಂಬುದನ್ನು ಅವಲಂಬಿಸಿದೆ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಎರಡು ವಾಕ್ಯಗಳನ್ನು ಕೊಟ್ಟು ಭೇದ ಕೇಳಿದರೆ ಅವರು ಬಹಳ ಉತ್ಸಾಹದಿಂದ ವಾದಿಸುತ್ತಾರೆ.

ನಾಟ್ ಓನ್ಲಿ–ಬಟ್ ಆಲ್ಸೋ

‘ಮಾತ್ರವಲ್ಲ–ಕೂಡ’ ಎಂಬ ನಮ್ಮ ಜೋಡಿಗೆ ಸಮಾನ. ‘ಮಂಜೇಶ್ವರದಲ್ಲಿ ಕನ್ನಡ ಮಾತ್ರವಲ್ಲ, ತುಳುವನ್ನೂ ಆಡುತ್ತಾರೆ’: ‘ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತುಳು ಈಸ್ ಸ್ಪೋಕನ್ ಇನ್ ಮಂಜೇಶ್ವರ್.’

ಇಲ್ಲಿ ಕಲಿಯಬೇಕಾದುದು ಸಮತೂಕ. ಜೋಡಿಯ ಮೊದಲ ಪದದ ಬೆನ್ನಿಗೆ ಯಾವ ಜಾತಿಯ ಪದ ಬರುತ್ತದೆಯೋ ಎರಡನೆಯದರ ಬೆನ್ನಿಗೂ ಅದೇ ಜಾತಿಯದು ಬರಬೇಕು: ನಾಮಪದಕ್ಕೆ ನಾಮಪದ, ಕ್ರಿಯಾಪದಕ್ಕೆ ಕ್ರಿಯಾಪದ. ‘ಅವರ್ ಸ್ಕೂಲ್ ನಾಟ್ ಓನ್ಲಿ ನೀಡ್ಸ್ ಎ ಟೀಚರ್ ಬಟ್ ಆಲ್ಸೋ ಎ ರೂಮ್’ ಎಂಬ ವಾಕ್ಯದಲ್ಲಿ ನಾಟ್ ಓನ್ಲಿಯ ಹಿಂದೆ ‘ನೀಡ್ಸ್’ ಎಂಬ ಕ್ರಿಯಾಪದ, ಬಟ್ ಆಲ್ಸೋದ ಹಿಂದೆ ‘ಎ ರೂಮ್’ ಎಂಬ ನಾಮಪದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ‘ಅವರ್ ಸ್ಕೂಲ್ ನೀಡ್ಸ್ ನಾಟ್ ಓನ್ಲಿ ಎ ಟೀಚರ್ ಬಟ್ ಆಲ್ಸೋ ಎ ರೂಮ್’ ಎಂದು ನಾಟ್ ಓನ್ಲಿಯನ್ನು ಒಂದು ಹೆಜ್ಜೆ ಬಲಕ್ಕೆ ಸರಿಸಿದರೆ ನೊಗ ಸಮವಾಗುತ್ತದೆ. ಮಗು ಬರೆದ ವಾಕ್ಯವನ್ನು ಪರೀಕ್ಷಿಸಲು ಪೋಷಕರಿಗೂ ಸುಲಭವಾದ ಉಪಾಯವಿದೆ: ಜೋಡಿಪದಗಳಿಗೆ ಗೆರೆ ಎಳೆದು, ಪ್ರತಿಯೊಂದರ ಮುಂದಿನ ಪದವನ್ನು ಮಾತ್ರ ಓದಿರಿ, ಅವೆರಡೂ ಒಂದೇ ಜಾತಿಯವಾಗಿದ್ದರೆ ಸಾಮಾನ್ಯವಾಗಿ ವಾಕ್ಯ ಸರಿ. ಈ ಪರೀಕ್ಷೆ ಐದರ್, ನೀದರ್, ಬೋತ್ ಮೂರಕ್ಕೂ ಸಲ್ಲುತ್ತದೆ.

ನಾಟ್ ಓನ್ಲಿ ಪೂರ್ಣ ವಾಕ್ಯವೊಂದರ ತಲೆಗೆ ಬಂದರೆ ಮೇಲೆ ಹೇಳಿದ ಮಗ್ಗುಲು ಬದಲಾವಣೆ ಇಲ್ಲಿಯೂ ಆಗುತ್ತದೆ: ‘ನಾಟ್ ಓನ್ಲಿ ಡಿಡ್ ದ ರೂಫ್ ಲೀಕ್, ಬಟ್ ದ ವಾಲ್ ಆಲ್ಸೋ ಫೆಲ್.’ ಆಲ್ಸೋ ತುಸು ಹಿಂದೆ ಸರಿದು ನಿಂತಿರುವುದನ್ನು ನೋಡಿ. ಹಾಗೆ ಸರಿಯುವುದು, ಕೆಲವೊಮ್ಮೆ ಬಿಟ್ಟೇ ಹೋಗುವುದು, ಒಳ್ಳೆಯ ಇಂಗ್ಲಿಷಿನಲ್ಲಿಯೂ ಉಂಟು. ಆದರೆ ‘ಬಟ್ ಆಲ್ಸೋ ಬಳಸಿ ಬರೆಯಿರಿ’ ಎಂದು ಪ್ರಶ್ನೆಯಲ್ಲಿದ್ದರೆ ಮಕ್ಕಳು ಎರಡನ್ನೂ ಬರೆಯುವುದೇ ಕ್ಷೇಮ. ಮೌಲ್ಯಮಾಪನದಲ್ಲಿ ಭಾಷಾಸೌಂದರ್ಯಕ್ಕೆ ಅಂಕವಿಲ್ಲ.

ವೆದರ್–ಆರ್, ಮತ್ತು ನಮ್ಮ ಶಾಲೆಗಳ ಹಕ್ಕು

ಹವಾಮಾನ ಎಂಬರ್ಥದ ವೆದರ್‌ಗೂ ಇದಕ್ಕೂ ಉಚ್ಚಾರಣೆ ಒಂದೇ, ಕಾಗುಣಿತ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಇಬ್ಬರಲ್ಲಿ ಯಾರು, ಎರಡರಲ್ಲಿ ಯಾವುದು’ ಎಂಬ ಅರ್ಥವಿತ್ತು. ಸಂಸ್ಕೃತದ ‘ಕತರ’ ಶಬ್ದಕ್ಕೂ ಅದೇ ಅರ್ಥ. ಭಾಷಾವಿಜ್ಞಾನಿಗಳು ಇವೆರಡನ್ನೂ ಒಂದೇ ಬೇರಿಗೆ ಸೇರಿಸುತ್ತಾರೆ. ಈಗ ಇದಕ್ಕೆ ಎರಡು ಬಳಕೆಗಳಿವೆ. ಒಂದು, ಸಂಶಯ: ‘ಐ ಡೋಂಟ್ ನೋ ವೆದರ್ ದ ಬಸ್ ವಿಲ್ ಕಮ್ ಆರ್ ನಾಟ್’, ಅಂದರೆ ಬಸ್ಸು ಬರುತ್ತದೆಯೋ ಇಲ್ಲವೋ. ಇನ್ನೊಂದು, ‘ಏನೇ ಇರಲಿ’ ಎಂಬ ಅರ್ಥ: ‘ವೆದರ್ ಇಟ್ ರೇನ್ಸ್ ಆರ್ ನಾಟ್, ವಿ ಶಲ್ ಗೋ’, ಮಳೆ ಬರಲಿ ಬಿಡಲಿ ಹೋಗುತ್ತೇವೆ.

ಈ ಎರಡನೆಯ ವೆದರ್–ಆರ್ ಭಾರತದ ಸಂವಿಧಾನದ 30(1)ನೆಯ ವಿಧಿಯಲ್ಲಿ ಕುಳಿತಿದೆ. ಅಲ್ಪಸಂಖ್ಯಾತರು ಧರ್ಮದ ಆಧಾರದವರಾಗಿರಲಿ ಭಾಷೆಯ ಆಧಾರದವರಾಗಿರಲಿ, ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಅವರೆಲ್ಲರಿಗೂ ಇದೆ ಎಂಬುದು ಅದರ ತಾತ್ಪರ್ಯ. ಇಂಗ್ಲಿಷ್ ಮೂಲದಲ್ಲಿ ಧರ್ಮ ಮತ್ತು ಭಾಷೆ ಎಂಬ ಎರಡು ಪದಗಳ ಸುತ್ತ ವೆದರ್–ಆರ್ ಇದೆ. ಅಲ್ಲಿ ‘ಬೋತ್–ಆ್ಯಂಡ್’ ಇದ್ದಿದ್ದರೆ ಧರ್ಮದಲ್ಲಿಯೂ ಭಾಷೆಯಲ್ಲಿಯೂ ಅಲ್ಪಸಂಖ್ಯಾತರಾದವರಿಗಷ್ಟೇ ಹಕ್ಕು ಎಂದು ಓದಬೇಕಾಗುತ್ತಿತ್ತು. ಕೇರಳದಲ್ಲಿಯೋ ಮಹಾರಾಷ್ಟ್ರದಲ್ಲಿಯೋ ನೆಲೆಸಿದ ಕನ್ನಡಿಗರಲ್ಲಿ ಬಹುಸಂಖ್ಯಾತರು ಹೊರಗುಳಿಯುತ್ತಿದ್ದರು. ವೆದರ್–ಆರ್ ಇರುವುದರಿಂದ ಭಾಷೆಯೊಂದೇ ಸಾಕು. ಅಲ್ಪಸಂಖ್ಯಾತರು ಯಾರೆಂಬುದನ್ನು ಇಡೀ ದೇಶದ ಲೆಕ್ಕದಲ್ಲಲ್ಲ, ರಾಜ್ಯದ ಲೆಕ್ಕದಲ್ಲಿ ನೋಡಬೇಕೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಹೇಳಿತು. ಕರ್ನಾಟಕದಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ಗಡಿಯಾಚೆ ಭಾಷಾ ಅಲ್ಪಸಂಖ್ಯಾತರೆನಿಸುವುದು ಹೀಗೆ.

ಅದೇ ವಿಧಿಯಲ್ಲಿ ‘ಸ್ಥಾಪಿಸುವ’ ಮತ್ತು ‘ಆಡಳಿತ ನಡೆಸುವ’ ಎಂಬ ಎರಡು ಕ್ರಿಯೆಗಳ ನಡುವೆ ಬರಿಯ ‘ಆ್ಯಂಡ್’ ಇದೆ, ಬೋತ್ ಇಲ್ಲ. ಆ ಪುಟ್ಟ ಪದದ ಮೇಲೂ ವಾದ ನಡೆದಿದೆ. 1967ರ ಅಜೀಜ್ ಬಾಷಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇವೆರಡನ್ನೂ ಕೂಡಿಸಿಯೇ ಓದಬೇಕು, ತಾವು ಸ್ಥಾಪಿಸಿದ ಸಂಸ್ಥೆಯ ಆಡಳಿತದ ಹಕ್ಕು ಮಾತ್ರ ಅಲ್ಪಸಂಖ್ಯಾತರಿಗಿದೆ ಎಂದಿತು. ಶಾಸನದ ಮೂಲಕ ರೂಪುಗೊಂಡ ಸಂಸ್ಥೆಯನ್ನು ಅಲ್ಪಸಂಖ್ಯಾತರು ಸ್ಥಾಪಿಸಿದ್ದೆನ್ನಲಾಗದು ಎಂಬ ಆ ತೀರ್ಪಿನ ಇನ್ನೊಂದು ನಿಲುವನ್ನು 2024ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ತಳ್ಳಿಹಾಕಿತು. ಸಂಯೋಜಕವೆಂದರೆ ಪರೀಕ್ಷೆಯ ಒಂದು ಅಂಕ ಎಂದು ಮೂಗು ಮುರಿಯುವ ಮಕ್ಕಳಿಗೆ ಈ ಕತೆಯನ್ನು ಹೇಳಬಹುದು.

ನೋ ಸೂನರ್–ದ್ಯಾನ್, ಹಾರ್ಡ್‌ಲಿ–ವೆನ್

‘ಗಂಟೆ ಬಾರಿಸಿತೋ ಇಲ್ಲವೋ ಮಕ್ಕಳು ಹೊರಗೋಡಿದರು’ ಎಂಬ ನಮ್ಮ ಮಾತಿಗೆ ಇಂಗ್ಲಿಷಿನಲ್ಲಿ ‘ನೋ ಸೂನರ್ ಡಿಡ್ ದ ಬೆಲ್ ರಿಂಗ್ ದ್ಯಾನ್ ದ ಚಿಲ್ಡ್ರನ್ ರ್‍ಯಾನ್ ಔಟ್.’ ಡಿಡ್ ಬಂದುದರಿಂದ ಕ್ರಿಯಾಪದ ಮೂಲರೂಪದಲ್ಲಿ, ರಿಂಗ್. ಹ್ಯಾಡ್ ಹಾಕಿದರೆ ‘ನೋ ಸೂನರ್ ಹ್ಯಾಡ್ ದ ಬೆಲ್ ರಂಗ್ ದ್ಯಾನ್…’ ಎಂದಾಗುತ್ತದೆ. ಹಾರ್ಡ್‌ಲಿ, ಸ್ಕೇರ್ಸ್‌ಲಿ ಎಂಬವಕ್ಕೆ ಜೊತೆ ವೆನ್: ‘ಹಾರ್ಡ್‌ಲಿ ಹ್ಯಾಡ್ ದ ಬೆಲ್ ರಂಗ್ ವೆನ್ ದ ಚಿಲ್ಡ್ರನ್ ರ್‍ಯಾನ್ ಔಟ್.’ ಯಾವುದಕ್ಕೆ ಯಾವುದು ಎಂದು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯ ದಿನ ಅದಲುಬದಲು ಮಾಡುತ್ತಾರೆ. ಬಾಯಿಪಾಠ ಬೇಕಿಲ್ಲ. ಸೂನರ್ ಎಂದರೆ ‘ಹೆಚ್ಚು ಬೇಗ’, ಅದು ಹೋಲಿಕೆಯ ಪದ. ಟಾಲರ್, ಬಿಗರ್ ಎಂಬವಕ್ಕೆ ದ್ಯಾನ್ ಬರುವಂತೆ ಇದಕ್ಕೂ ದ್ಯಾನ್. ಹಾರ್ಡ್‌ಲಿಯಲ್ಲಿ ಹೋಲಿಕೆಯಿಲ್ಲ, ಆದುದರಿಂದ ‘ಆಗ’ ಎಂಬರ್ಥದ ವೆನ್.

ಸೋ–ದ್ಯಾಟ್ ಎಂಬುದು ‘ಎಷ್ಟೆಂದರೆ’ ಎಂಬ ಅರ್ಥದ್ದು: ‘ದ ಬ್ಯಾಗ್ ಈಸ್ ಸೋ ಹೆವಿ ದ್ಯಾಟ್ ಶಿ ಕೆನಾಟ್ ಲಿಫ್ಟ್ ಇಟ್.’ ಸೋ ನಂತರ ಬರಿಯ ಗುಣವಾಚಕ. ನಾಮಪದವೂ ಜೊತೆಗಿದ್ದರೆ ಸಾಮಾನ್ಯವಾಗಿ ಸಚ್: ‘ಸಚ್ ಎ ಹೆವಿ ಬ್ಯಾಗ್ ದ್ಯಾಟ್…’ ಇದನ್ನೇ ‘ಟೂ ಹೆವಿ ಫಾರ್ ಹರ್ ಟು ಲಿಫ್ಟ್’ ಎಂದು ಬದಲಿಸುವ ಪ್ರಶ್ನೆ ಬರುತ್ತದೆ. ಟೂ–ಟು ಸಂಯೋಜಕವಲ್ಲ, ಆದರೂ ನೀದರ್‌ನ ಜಾಣತನವೇ ಅದಕ್ಕೂ ಇದೆ: ‘ಆಗದು’ ಎಂಬುದನ್ನು ಒಳಗೇ ಅಡಗಿಸಿಕೊಂಡಿರುತ್ತದೆ. ಅಲ್ಲಿ ಮತ್ತೆ ನಾಟ್ ಬೇಡ.

ದೋ–ಯೆಟ್

‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ.’ ಕನ್ನಡದಲ್ಲಿ ‘ಕೊಟ್ಟರೂ’ ಎಂಬಲ್ಲಿಯ ‘ಊ’ ಒಂದೇ ಇಡೀ ವಿರೋಧವನ್ನು ಹೊತ್ತಿದೆ. ಇಂಗ್ಲಿಷಿನಲ್ಲಿಯೂ ದೋ ಒಂದೇ ಸಾಕು. ಎರಡನೆಯ ಭಾಗದಲ್ಲಿ ಯೆಟ್ ಸೇರಿಸಿದರೆ ಸ್ವಲ್ಪ ಹಳೆಯ, ಗಂಭೀರ ಶೈಲಿ. ಆದರೆ ಬಟ್ ಸೇರಿಸುವಂತಿಲ್ಲ. ‘ದೋ ಹಿ ಈಸ್ ಪೂರ್, ಬಟ್ ಹಿ ಈಸ್ ಆನೆಸ್ಟ್’ ಎಂಬ ವಾಕ್ಯ ನಮ್ಮ ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರ ಭಾಷಣಗಳಲ್ಲಿಯೂ ಧಾರಾಳವಾಗಿ ಕೇಳಿಬರುತ್ತದೆ. ‘ಆದರೂ’, ‘ಆದರೆ’ ಎಂಬ ರೂಪಗಳ ಸಾಮೀಪ್ಯ ಇದಕ್ಕೆ ಕಾರಣವೆಂದು ನನ್ನ ಊಹೆ. ಸೊಲ್ಲಾಪುರದ ಮಕ್ಕಳಿಗೆ ಹೇಳುವುದು ಸುಲಭ: ಮರಾಠಿಯಲ್ಲಿ ‘ಜರೀ’ಗೆ ಜೊತೆ ‘ತರೀ’, ‘ಪಣ್’ ಅಲ್ಲ, ದೋ ಎಂಬುದು ಜರೀ, ಯೆಟ್ ಎಂಬುದು ತರೀ, ಬಟ್ ಎಂಬುದು ಪಣ್. ಬೇರೆ ಕಡೆಯವರು ಸಂಸ್ಕೃತದ ಯದ್ಯಪಿ–ತಥಾಪಿಯನ್ನು ನೆನೆಯಬಹುದು. ‘ಬಿಕಾಸ್’ ಇದ್ದಲ್ಲಿ ‘ಸೋ’ ಬೇಡ ಎಂಬುದೂ ಇದೇ ಸಾಲಿನದು.

ಎಷ್ಟು–ಅಷ್ಟು

ಹೋಲಿಕೆಗೆ ಆ್ಯಸ್–ಆ್ಯಸ್: ‘ಆ್ಯಸ್ ಟಾಲ್ ಆ್ಯಸ್ ಹರ್ ಮದರ್’, ತಾಯಿಯಷ್ಟು ಎತ್ತರ. ನಿರಾಕರಣೆಯಲ್ಲಿ ಮೊದಲ ಆ್ಯಸ್ ಬದಲಿಗೆ ಸೋ ಬಂದರೂ ಸರಿ. ಇದರಲ್ಲಿ ಹೇಳಲು ಹೆಚ್ಚೇನಿಲ್ಲ. ‘ಎಷ್ಟು ಓದುತ್ತೇವೆಯೋ ಅಷ್ಟು ತಿಳಿಯುತ್ತದೆ’ ಎಂಬುದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ವಿಶೇಷ ಜೋಡಿಯಿದೆ: ‘ದ ಮೋರ್ ವಿ ರೀಡ್, ದ ಮೋರ್ ವಿ ಲರ್ನ್.’ ಇಲ್ಲಿಯ ‘ದ’ಗಳು ನಾಮಪದಕ್ಕೆ ಹಚ್ಚುವ ಸಾಮಾನ್ಯ ಆರ್ಟಿಕಲ್ ಅಲ್ಲ, ಹಳೆಯ ಇಂಗ್ಲಿಷಿನಲ್ಲಿ ‘ಅಷ್ಟರಿಂದ’ ಎಂಬ ತೃತೀಯಾ ವಿಭಕ್ತಿಯ ಅರ್ಥವಿದ್ದ ಬೇರೊಂದು ರೂಪ ಸವೆದು ಹೀಗಾಗಿದೆ. ಕ್ರಿಯಾವಿಶೇಷಣದ ಮುಂದೆ ಆರ್ಟಿಕಲ್ ಏಕೆ ಬಂತೆಂದು ಕೇಳುವ ಚುರುಕು ಮಗುವಿಗೆ ಉತ್ತರ ಸಿದ್ಧವಿರಲಿ.

ಮನೆಯಲ್ಲಿ ಅಭ್ಯಾಸಕ್ಕೆ ಆರು ವಾಕ್ಯಗಳು. ಮಗು ಇವನ್ನು ಇಂಗ್ಲಿಷಿಗೆ ತರಲಿ. ಪೋಷಕರು ಮೇಲಿನ ನಿಯಮಗಳಿಂದ ಪರೀಕ್ಷಿಸಲಿ. ಅಪ್ಪನಾಗಲಿ ಅಮ್ಮನಾಗಲಿ ಸಭೆಗೆ ಹೋಗಲಿಲ್ಲ. ಒಂದೋ ಬಸ್ಸು ತಡವಾಗಿದೆ, ಇಲ್ಲವೇ ನಾವು ಬೇಗ ಬಂದಿದ್ದೇವೆ. ಅವಳು ಹಾಡುವುದು ಮಾತ್ರವಲ್ಲ, ಚಿತ್ರವನ್ನೂ ಬರೆಯುತ್ತಾಳೆ. ಮಳೆ ನಿಂತಿತೋ ಇಲ್ಲವೋ ಆಟ ಆರಂಭವಾಯಿತು. ಶಾಲೆ ದೂರವಾದರೂ ಅವನು ಒಂದು ದಿನವೂ ತಪ್ಪಿಸಲಿಲ್ಲ. ನನ್ನ ಗೆಳೆಯರೂ ನನ್ನ ತಂಗಿಯೂ ಬರಲಿಲ್ಲ. ಕೊನೆಯದರಲ್ಲಿ ನೀದರ್ ಹಿಂದೆ ಗೆಳೆಯರನ್ನು ಮೊದಲು ಬರೆದು ವರ್ತಮಾನ ಪೂರ್ಣಕಾಲದಲ್ಲಿ ಹೇಳಿದರೆ ‘ಹ್ಯಾಸ್’, ತಂಗಿಯನ್ನು ಮೊದಲು ಬರೆದರೆ ‘ಹ್ಯಾವ್’; ಎರಡಕ್ಕೂ ಪೂರ್ಣ ಅಂಕ ಕೊಡಿ.